ಆರು ಡ್ರಮ್ಮಿನ ಸರ್ಕಲ್

ನನ್ನ ಹಠದ ವಿಚಾರ ನನಗೆ ಗೊತ್ತಿಲ್ಲವೆಂದಲ್ಲ. ಅದು ಮೊದಲು ಬಂದು ಕೂತುಬಿಡುತ್ತದೆ. ಕಾರಣಗಳನ್ನು ಆಮೇಲೆ ನಾನು ನಿಧಾನವಾಗಿ ಹುಡುಕಿಕೊಳ್ಳುತ್ತೇನೆ. ಗಣಿತದ ಮೇಷ್ಟ್ರಾಗಿ ನಿವೃತ್ತನಾದವನು ನಾನು. ಕರಿಹಲಗೆಯ ಮೇಲೆ ಕೈವಾರವಿಲ್ಲದೆ ವೃತ್ತ ಬರೆಯುತ್ತಿದ್ದೆ, ಅದು ಸೊಟ್ಟಗಿದೆ ಎಂದ ಹುಡುಗರನ್ನು ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬರಲು ಕಳಿಸುತ್ತಿದ್ದೆ. ಇಂಥವನ ಮನೆ ಬಾಗಲೂರು ರಸ್ತೆಯಲ್ಲಿ ನಾಲ್ಕು ದಾರಿ ಕೂಡುವ ಕಡೆಗೇ ಮುಖ ಮಾಡಿರುವುದು ಊರಿನವರ ಗ್ರಹಚಾರ.

ಆ ನಾಲ್ಕು ದಾರಿಯಲ್ಲಿ ಟಿಪ್ಪರ್, ನೀರಿನ ಟ್ಯಾಂಕರ್, ಕಾಲೇಜು ಬಸ್ಸು, ಏರ್‌ಪೋರ್ಟಿಗೆ ಓಡುವ ಟ್ಯಾಕ್ಸಿ ಎಲ್ಲವೂ ಒಟ್ಟಿಗೆ ಮೂತಿ ತೂರಿಸಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ಪಕ್ಕದ ಮನೆಯ ಮುನಿಯಮ್ಮ ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಇದನ್ನು ದಾಟಿ ಡೈರಿಗೆ ಹೋಗಬೇಕು. ಒಂದು ದಿನ ಬೈಕಿನವನೊಬ್ಬ ಗುದ್ದಿ, ಆಕೆಯ ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಆಕೆ ಅತ್ತದ್ದು ಕೈಗಲ್ಲ, ಚೆಲ್ಲಿದ ಹಾಲಿಗೆ. ಅವತ್ತೇ ನಿರ್ಧರಿಸಿದೆ, ಇದಕ್ಕೊಂದು ಗತಿ ಕಾಣಿಸಲೇಬೇಕು.

ಮೂಲೆಯಲ್ಲಿ ಟೈರ್ ಅಂಗಡಿ ಇಟ್ಟಿರುವ ಫಯಾಜ್ ಭಾಯ್ ನನಗಿಂತ ಮುಂಚೆಯೇ ನಿರ್ಧರಿಸಿದ್ದರು. ಸಿಗ್ನಲ್ ಬೇಕೆಂದು ಅರ್ಜಿ ಬರೆದು, ಮೊದಲ ಸಹಿಗೆ ನನ್ನ ಹತ್ತಿರವೇ ಬಂದರು. ನಾನು ಪೆನ್ನು ತೆಗೆದುಕೊಂಡವನು ಸಹಿ ಹಾಕದೆ ಅರ್ಜಿಯ ಹಿಂದೆ ಒಂದು ವೃತ್ತ ಬರೆದೆ.

"ಸಿಗ್ನಲ್ ಯಾಕೆ ಭಾಯ್? ನಡುವೆ ಒಂದು ಸರ್ಕಲ್ ಮಾಡಿದ್ರೆ ಯಾರೂ ಕಾಯೋದೇ ಬೇಡ. ಬಂದೋರು ಸುತ್ತಿಕೊಂಡು ಹೋಗ್ತಾ ಇರ್ತಾರೆ."

"ಸಾರ್, ನಮ್ ಜನ ಕೆಂಪು ಲೈಟಿಗೇ ನಿಲ್ಲಲ್ಲ, ಇನ್ನು ಸರ್ಕಲ್ಲಿಗೆ ಮರ್ಯಾದೆ ಕೊಡ್ತಾರಾ?"

"ಸುಮ್ನೆ ಒಂದ್ ಸೈನ್ ಹಾಕ್ಬಾರ್ದೇನ್ರೀ?" ಎಂದು ಒಳಗಿನಿಂದ ಹೆಂಡತಿಯ ದನಿ. ಅಷ್ಟು ಸಾಕಾಯಿತು. ಮಾರನೇ ದಿನದಿಂದ ಒಂದು ಊಟದ ತಟ್ಟೆ, ಒಂದು ಲೋಟ, ನಾಲ್ಕು ಬಾಟಲಿ ಮುಚ್ಚಳ ಹಿಡಿದು ನಾನು ಮನೆಮನೆ ಹತ್ತಿದೆ. ತಟ್ಟೆಯ ನಡುವೆ ಲೋಟ ಬೋರಲು ಹಾಕಿ, ಮುಚ್ಚಳಗಳನ್ನು ಅದರ ಸುತ್ತ ಓಡಿಸಿ ತೋರಿಸಿದೆ. ತಟ್ಟೆ ನೋಡಿ ಕೆಲವರು ಊಟಕ್ಕೆ ಬಂದೆನೆಂದುಕೊಂಡರು. ಒಂದು ಮನೆಯಲ್ಲಿ ಉಪ್ಪಿಟ್ಟನ್ನೂ ಬಡಿಸಿದರು. ಪ್ರಾತ್ಯಕ್ಷಿಕೆ ಹತ್ತು ನಿಮಿಷ ತಡವಾಯಿತು.

ಕೊನೆಗೆ ಟ್ರಾಫಿಕ್ ಇನ್ಸ್‌ಪೆಕ್ಟರ್ ಬಂದರು. ಎರಡೂ ಕಡೆಯ ವಾದ ಕೇಳಿ, ತಲೆ ನೇವರಿಸಿಕೊಂಡು, "ಒಂದು ವಾರ ಡ್ರಮ್ ಇಟ್ಟು ನೋಡೋಣ ಮೇಷ್ಟ್ರೇ. ಆಗಲಿಲ್ಲ ಅಂದ್ರೆ ಸಿಗ್ನಲ್ಲೇ" ಎಂದರು. ಆರು ಡ್ರಮ್ಮಿಗೆ ಮರಳು ತುಂಬಿಸಿ, ನಾನೇ ಬಿಳಿ ಬಣ್ಣ ಬಳಿದೆ. ಅಳತೆಗೆ ಹಗ್ಗದ ಇನ್ನೊಂದು ತುದಿ ಹಿಡಿದು ನಿಂತವರು ಫಯಾಜ್ ಭಾಯ್. ವಾದ ಬೇರೆ, ಕೆಲಸ ಬೇರೆ ಎನ್ನುವ ಜನ ಅವರು.

ಮೊದಲ ಬೆಳಿಗ್ಗೆ ಕಾಂಪೌಂಡಿನ ಬಳಿ ಕಾಫಿ ಹಿಡಿದು ನಿಂತೆ. ನಂಬಿದರೆ ನಂಬಿ, ಟಿಪ್ಪರುಗಳು ತಗ್ಗಿಬಗ್ಗಿ ಸುತ್ತು ಹಾಕುತ್ತಿದ್ದವು. ಹಾರ್ನಿಲ್ಲ, ಜಗಳವಿಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ. ಆಕೆ ಸರ್ಕಲ್ ನೋಡಲಿಲ್ಲ. "ಅಲ್ನೋಡಿ, ಮುನಿಯಮ್ಮ ಆಗ್ಲಿಂದ ಅಲ್ಲೇ ನಿಂತಿದಾರೆ" ಎಂದಳು.

ಓಡಿದೆ. ಪಟ್ಟಿ ಕಟ್ಟಿದ ಕೈಯನ್ನು ಎದೆಗವಚಿಕೊಂಡು, ಇನ್ನೊಂದರಲ್ಲಿ ಕ್ಯಾನು ಹಿಡಿದು ಮುನಿಯಮ್ಮ ರಸ್ತೆಯಂಚಿನಲ್ಲೇ ಇದ್ದರು.

"ಯಾಕಮ್ಮಾ, ಎಲ್ಲಾ ನಿಧಾನವಾಗಿ ಹೋಗ್ತಿದಾವಲ್ಲ?"

"ನಿದಾನಕ್ಕೇ ಓಯ್ತಾವೆ ಮೇಷ್ಟ್ರೇ. ಆದ್ರೆ ಒಂದೂ ನಿಲ್ಲಾಕಿಲ್ವಲ್ಲ! ಮೊದ್ಲಾದ್ರೆ ಎಲ್ಲಾ ಸಿಕ್ಕಾಕ್ಕೊಂಡ್ ನಿಂತಾಗ ಸಂದಿಯಾಗೆ ನುಗ್ತಿದ್ದೆ. ಈಗ ಎಂಗೆ ದಾಟ್ಲಿ?"

ತಟ್ಟೆಯ ಮೇಲೆ ನಾನು ಮುಚ್ಚಳಗಳನ್ನು ಓಡಿಸಿದ್ದೆನೇ ಹೊರತು, ಒಂದು ಸಾಸಿವೆ ಕಾಳನ್ನಾದರೂ ದಾಟಿಸಿರಲಿಲ್ಲ. ನಾಚಿಕೆಯಾಯಿತು. ಬೇರೇನೂ ತೋಚದೆ ಕ್ಯಾನು ಇಸಿದುಕೊಂಡು, ಕೈಯೆತ್ತಿ ರಸ್ತೆಗಿಳಿದೆ. ಟಿಪ್ಪರಿನವನು ಬ್ರೇಕ್ ಹಾಕಿದ. ನಮ್ಮ ಹಿಂದೆ ಶಾಲೆಯ ಹುಡುಗಿಯರೂ ದಾಟಿಕೊಂಡರು. ಮಾರನೇ ದಿನ ಅವರೆಲ್ಲ ನನಗಾಗಿ ಕಾಯುತ್ತಾ ನಿಂತಿದ್ದರು.

ವಾರ ಕಳೆದು ಇನ್ಸ್‌ಪೆಕ್ಟರ್ ಬಂದರು. ವಾಹನ ಸರಾಗ, ಜನ ಕ್ಷೇಮ. "ನೀವೇ ಗೆದ್ರಿ ಮೇಷ್ಟ್ರೇ. ಸರ್ಕಲ್ಲೇ ಇರ್ಲಿ" ಎಂದು ಕೈ ಕುಲುಕಿದರು. ಫಯಾಜ್ ಭಾಯ್ ನನ್ನ ಮುಖ ನೋಡಿದರು. ಜನರನ್ನು ದಾಟಿಸುತ್ತಿರುವವನು ನಾನು ಎಂದು ಆಗಲೇ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಗೆದ್ದ ಹಠವನ್ನು ಕೈಯಾರೆ ವಾಪಸು ಕೊಡುವವನು ನಾನಲ್ಲ.

ಹೀಗಾಗಿ ನಿವೃತ್ತಿಯ ನಂತರ ನನಗೊಂದು ಕೆಲಸ ಸಿಕ್ಕಿದೆ. ಬೆಳಿಗ್ಗೆ ಏಳರಿಂದ ಎಂಟೂವರೆ, ಬಿಸಿಲಿರಲಿ ಮಳೆಯಿರಲಿ. ಶಾಲೆಗಾದರೆ ಭಾನುವಾರ ರಜೆಯಿತ್ತು. ಮುನಿಯಮ್ಮನ ಹಸು ಭಾನುವಾರವೂ ಹಾಲು ಕೊಡುತ್ತದೆ.