ಮಾವನ ಸೀಟಿ, ಅಳಿಯನ ನಾಯಿ

"ಬೇಕಾದ್ರೆ ಬರೆದಿಟ್ಕೊಳ್ಳಿ! ಈ ಸಲ ಮಾವನ ಸೀಟಿ ನಮ್ಮ ಮನೆಗೇ ಬರುತ್ತೆ!"

ಈಸ್ಟರ್ ಹಬ್ಬದ ಊಟದ ಮೇಜಿನ ಮುಂದೆ ಎದ್ದು ನಿಂತು, ಬಾಯಲ್ಲಿದ್ದ ಕೂಕನ್ ಎಂಬ ಕೆನೆ ತುಂಬಿದ ಸಿಹಿ ಕೇಕಿನ ತುಂಡನ್ನು ಪೂರ್ತಿ ನುಂಗುವ ವ್ಯವಧಾನವೂ ಇಲ್ಲದೆ ಡೆಲ್ಮರ್ ವೈಸ್ ಈ ಭೀಷ್ಮಪ್ರತಿಜ್ಞೆ ಮಾಡಿದ. ಮೇಜಿನ ಸುತ್ತ ಕುಳಿತಿದ್ದ ಹದಿನಾಲ್ಕು ಮಂದಿಯಲ್ಲಿ ಯಾರೂ ಪೆನ್ಸಿಲ್ ಹುಡುಕಲಿಲ್ಲ. ಅವನ ಹೆಂಡತಿ ಆರ್ಡಿಸ್ ಮಾತ್ರ, "ಮೊದ್ಲು ಕೂತ್ಕೊ, ಅಂಗಿ ಮೇಲೆಲ್ಲ ಕೆನೆ ಸುರೀತಿದೆ" ಎಂದಳು.

ಆ ಸೀಟಿ ಅಂತಿಂಥ ಸೀಟಿಯಲ್ಲ. ಡಕೋಟಾದ ಆ ಬಯಲಿನಲ್ಲಿ ಅಕ್ಟೋಬರ್ ತಿಂಗಳ ಮೂರನೇ ಶನಿವಾರ ಬಂತೆಂದರೆ ಮದುವೆ ಮುಂದಕ್ಕೆ ಹೋಗುತ್ತದೆ, ಹಲ್ಲುನೋವು ತಾನಾಗಿ ವಾಸಿಯಾಗುತ್ತದೆ! ಅಂದು ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಉದ್ದ ಬಾಲದ ಫೆಸೆಂಟ್ ಕೋಳಿಗಳ ಬೇಟೆ ಶುರು. ಆರ್ಡಿಸಳ ಅಪ್ಪ ರೈನ್‌ಹೋಲ್ಡ್‌ನ ಜೋಳದ ಹೊಲದಲ್ಲಿ ಇಡೀ ಬಳಗ ಒಂದೇ ಸಾಲಾಗಿ ಹೆಜ್ಜೆ ಹಾಕುತ್ತಿತ್ತು. ಮುದುಕ ಒಂದು ಸಲ ಸೀಟಿ ಊದಿದರೆ ಸಾಲು ಹೊರಡಬೇಕು, ಎರಡು ಸಲ ಊದಿದರೆ ನಿಲ್ಲಬೇಕು. ನಲವತ್ತು ವರ್ಷ ಆ ಸೀಟಿ ಅವನ ಕೊರಳಲ್ಲೇ ಇತ್ತು. ಈಗ ಮೊಣಕಾಲು ಕೈಕೊಟ್ಟಿದ್ದರಿಂದ, ಇದೇ ಕೊನೆಯ ವರ್ಷ, ಬೇಟೆಯ ದಿನವೇ ಸೀಟಿಯನ್ನು ಇನ್ನೊಬ್ಬರಿಗೆ ಕೊಡುತ್ತೇನೆ ಎಂದು ಊಟದ ನಡುವೆ ಹೇಳಿಬಿಟ್ಟಿದ್ದ.

ಡೆಲ್ಮರನೋ, ಹತ್ತೊಂಬತ್ತು ವರ್ಷದಿಂದ ಹೊಲದ ಆಚೆ ತುದಿಯಲ್ಲಿ ಕಂಬದಂತೆ ನಿಂತವನು. ಕೋಳಿಗಳು ಓಡಿಹೋಗದಂತೆ ತಡೆಯಲು ಅಲ್ಲೊಬ್ಬ ನಿಲ್ಲಬೇಕು. ಸಾಲಿನಲ್ಲಿ ನಡೆಯುವವರಿಗೆ ಬೇಟೆ, ತುದಿಯಲ್ಲಿ ನಿಂತವನಿಗೆ ನೆಗಡಿ! "ನಾಯಿ ಇಲ್ದವನಿಗೆ ಸಾಲಲ್ಲೇನು ಕೆಲಸ?" ಎಂಬುದು ಮಾವನ ಕಾನೂನು. ಆ ಮಹಾನುಭಾವ ಅಳಿಯನೊಂದಿಗೆ ಅಷ್ಟೂ ವರ್ಷ ಆಡಿದ್ದು ಹೆಚ್ಚುಕಮ್ಮಿ ಒಂದೇ ಮಾತು: "ಗೇಟು ಹಾಕು." ಹೊಗಳಿಕೆಯೆಂಬುದು ಅವನ ಬಾಯಿಂದ ಮನುಷ್ಯರಿಗೆ ಸಿಕ್ಕಿದ್ದೇ ಇಲ್ಲ. ಕೆಲಸ ಮಾಡಿದ ನಾಯಿಯ ಬೆನ್ನು ತಟ್ಟಿ "ಒಳ್ಳೇ ನಾಯಿ" ಅನ್ನುತ್ತಿದ್ದ, ಅಷ್ಟೇ. ಆ ಎರಡು ಮಾತಿಗಾಗಿ ಡೆಲ್ಮರ್ ಎಷ್ಟೋ ನಾಯಿಗಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದುಂಟು. ಸೀಟಿ ಸಿಕ್ಕರೆ ಮುದುಕ ತನ್ನ ಬೆನ್ನನ್ನೂ ತಟ್ಟಿಯಾನು ಎಂಬುದೇ ಅವನ ಒಳಗಿನ ಆಸೆ.

"ಭಾವ, ನಿಮಗೆ ನಾಯಿ ಎಲ್ಲಿದೆ?" ಎಂದು ಆರ್ಡಿಸಳ ತಮ್ಮ ಲೈಲ್ ಹಲ್ಲು ಕಿರಿದ. ಅವನ ಬಳಿ ಒಂದು ದಡೂತಿ ಲ್ಯಾಬ್ರಡಾರ್ ಇತ್ತು. ಬಿದ್ದ ಹಕ್ಕಿಯನ್ನು ತರುತ್ತಿತ್ತು. ಒಮ್ಮೊಮ್ಮೆ ಪಕ್ಕದವರ ಬುತ್ತಿಯನ್ನೂ ತರುತ್ತಿತ್ತು.

"ನಿನ್ನ ಹಾಗೆ ತರೋ ನಾಯಿ ಅಲ್ಲ ಕಣೋ, ತೋರಿಸೋ ನಾಯಿ! ಪಾಯಿಂಟರ್! ಹಕ್ಕಿ ವಾಸನೆ ಸಿಕ್ಕಿದ ಕೂಡ್ಲೇ ಮೂಗು ಮುಂದೆ, ಬಾಲ ನೆಟ್ಟಗೆ, ಮುಂಗಾಲು ಮೇಲೆ, ಕಲ್ಲಿನ ಬೊಂಬೆ ಥರ ನಿಂತ್ಕೊಳ್ಳುತ್ತೆ. ತರ್ತೀನಿ. ನಾನೇ ಆರಿಸ್ತೀನಿ, ನಾನೇ ಪಳಗಿಸ್ತೀನಿ!"

"ನೀನು ಪಳಗಿಸ್ತೀಯಾ?" ಎಂದು ಆರ್ಡಿಸ್ ಕೇಳಿದ ಧಾಟಿಗೆ ಮೇಜಿಗೆ ಮೇಜೇ ನಕ್ಕಿತು.

ಮರುವಾರವೇ ಡೆಲ್ಮರ್ ಲೈಬ್ರರಿಯ ದಪ್ಪ ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು ಹೆಂಡತಿಯ ಜತೆ ವೆರ್ಲಾ ರೀಗರ್ ಎಂಬಾಕೆಯ ತೋಟದ ಮನೆಗೆ ಹೋದ. ಅಲ್ಲಿ ಎಂಟು ವಾರದ ಏಳು ಮರಿಗಳಿದ್ದವು. ವೆರ್ಲಾ ಗಾಳದ ಕೋಲಿಗೆ ಫೆಸೆಂಟ್ ರೆಕ್ಕೆಯೊಂದನ್ನು ಕಟ್ಟಿ ಹುಲ್ಲಿನ ಮೇಲೆ ಆಡಿಸಿದಳು. ಆರು ಮರಿಗಳು ಅದರ ಮೇಲೆ ಬಿದ್ದು ಕಿತ್ತಾಡಿದವು. ಏಳನೆಯದು ದೂರದಲ್ಲಿ ನಿಶ್ಚಲವಾಗಿ, ಬೆನ್ನು ಬಾಗಿಸಿ, ಗಂಭೀರವಾಗಿ ದಿಗಂತವನ್ನೇ ನೋಡುತ್ತ ನಿಂತಿತ್ತು.

"ನೋಡೇ! ನೋಡೇ! ಪಾಯಿಂಟ್!" ಡೆಲ್ಮರ್ ಹೆಂಡತಿಯ ತೋಳು ಜಗ್ಗಿದ. "ಎಂಟೇ ವಾರಕ್ಕೆ ಪಾಯಿಂಟ್! ಇದೇ ನನ್ನ ನಾಯಿ!"

"ಸ್ವಲ್ಪ ತಡೀರಿ ಡೆಲ್ಮರ್, ಅದು ಬೇರೆ ಕೆಲಸದಲ್ಲಿದೆ" ಎಂದಳು ವೆರ್ಲಾ.

ಕೆಲಸ ಮುಗಿಯಿತು. ಮರಿ ಹಿಂಗಾಲಿನಿಂದ ನಾಲ್ಕು ಸಲ ಹುಲ್ಲು ಕೆದರಿ ಹಗುರಾಗಿ ನಡೆದುಹೋಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಡೆಲ್ಮರನದಲ್ಲ. "ಏನೇ ಹೇಳು, ಆ ಏಕಾಗ್ರತೆ ನೋಡು!" ಎಂದ.

"ಹಾಗಾದ್ರೆ ದಿನಾ ಬೆಳಗ್ಗೆ ಪೇಪರ್ ಹಿಡ್ಕೊಂಡು ಒಳಗೆ ಹೋಗಿ ಅರ್ಧ ಗಂಟೆ ಕೂರ್ತೀಯಲ್ಲ, ನಿನ್ನಂಥ ಪಾಯಿಂಟರ್ ಇಡೀ ಜಿಲ್ಲೇಲೇ ಇಲ್ಲ" ಎಂದಳು ಆರ್ಡಿಸ್.

ಮರಿ ಮನೆಗೆ ಬಂತು. ಕೈಸರ್, ಅಂದರೆ ಚಕ್ರವರ್ತಿ, ಎಂದು ನಾಮಕರಣವಾಯಿತು. ಹೆಸರಿಗೆ ತಕ್ಕಂತೆ ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಮೊದಲ ಪಾಠ, ರೆಕ್ಕೆಯ ಪಾಠ. ಹೊರಗೆ ಮಳೆಯೆಂದು ಡೆಲ್ಮರ್ ಅಡುಗೆಮನೆಯಲ್ಲೇ ಗಾಳದ ಕೋಲು ಬೀಸಿದ. ರೆಕ್ಕೆ ಕಟ್ಟುವುದನ್ನು ಮರೆತಿರಲಿಲ್ಲ, ಕೊಕ್ಕೆ ಬಿಚ್ಚುವುದನ್ನು ಮಾತ್ರ ಮರೆತಿದ್ದ. ಕೊಕ್ಕೆ ಹೋಗಿ ಕಿಟಕಿಯ ಪರದೆಗೆ ಸಿಕ್ಕಿತು. ಎಳೆದ. ಪರದೆ ಬಂತು, ಪರದೆಯ ಸರಳು ಬಂತು, ಸರಳಿನ ಕೆಳಗೆ ಸಾಲಾಗಿ ಇಟ್ಟಿದ್ದ ಹನ್ನೊಂದು ಸೀಸೆ ಚೆರ್ರಿ ಜೆಲ್ಲಿಯೂ ಬಂತು! ಕೈಸರ್ ನೆಲ ನೆಕ್ಕಿತು. ಆರ್ಡಿಸ್ ಪೊರಕೆ ತಂದಳು. ಅದು ನೆಲಕ್ಕೋ ತನಗೋ ಎಂದು ತಿಳಿಯುವ ಮೊದಲೇ ಡೆಲ್ಮರ್ ಕೊಟ್ಟಿಗೆ ಸೇರಿದ್ದ.

ಆ ನೆಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಆರ್ಡಿಸಳಿಗೆ ಅಡುಗೆಮನೆಯ ನೆಲವೆಂದರೆ ಪ್ರಾಣ. ಆ ಸೀಮೆಯ ಮಣ್ಣೋ, ಮಳೆ ಬಿದ್ದರೆ ಅಂಟಿನಂತೆ ಬೂಟಿಗೆ ಮೆತ್ತಿಕೊಳ್ಳುವಂಥದ್ದು. ಹಿತ್ತಲ ಬಾಗಿಲಲ್ಲಿ ಕೆಸರು ಕಾಲೊಂದು ಕಂಡರೆ ಸಾಕು, "ನಿಲ್ಲಲ್ಲೇ!" ಎಂದು ಅವಳು ಹಾಕುವ ಕೂಗಿಗೆ ಗೋಡೆಯ ಗಡಿಯಾರವೂ ಒಮ್ಮೆ ತಡೆದು ಹೊಡೆದುಕೊಳ್ಳುತ್ತಿತ್ತು. ಡೆಲ್ಮರ್ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು, ಅವಳು ಬಂದು ಬೂಟು ಎಳೆಯುವವರೆಗೆ ಒಂಟಿಕಾಲಲ್ಲಿ ನಿಲ್ಲುತ್ತಿದ್ದ. ಹಿಂದೆಯೇ ಬಂದ ಕೈಸರನ ಕಾಲನ್ನು ಅವಳು ಹಳೇ ಟವೆಲಿನಲ್ಲಿ ಒರೆಸುತ್ತಿದ್ದಳು, ಮೊದಲು ಬಲಗಾಲು, ಆಮೇಲೆ ಎಡಗಾಲು. ಇದು ದಿನದಿನದ ಸಂಸಾರ. ಇದನ್ನು ಯಾರೂ ಪಾಠವೆಂದು ಕರೆಯಲಿಲ್ಲ.

ಎರಡನೇ ಪಾಠ, ಸದ್ದಿನ ಪಾಠ. ಬಂದೂಕಿಗೆ ಹೆದರದಿರಲೆಂದು ನಾಯಿ ಉಣ್ಣುವಾಗ ದೂರದಲ್ಲಿ ಸಣ್ಣಗೆ ಸದ್ದು ಮಾಡಬೇಕೆಂದು ಪುಸ್ತಕ ಹೇಳಿತ್ತು. ದೂರ, ಸಣ್ಣ ಎಂಬ ಮಾತುಗಳೆಲ್ಲ ಅಂಜುಬುರುಕರಿಗೆ! ಡೆಲ್ಮರ್ ಬೆಳಗ್ಗೆ ಸಂಜೆ ನಾಯಿಯ ತಟ್ಟೆಯ ಪಕ್ಕದಲ್ಲೇ ನಿಂತು ಕಬ್ಬಿಣದ ಬಾಣಲೆಗೆ ಸುತ್ತಿಗೆಯಿಂದ ಧಡಾರ್ ಎಂದು ಬಾರಿಸಿದ. ಬೇಸಿಗೆ ಮುಗಿಯುವುದರೊಳಗೆ ಕೈಸರನಿಗೆ ಒಂದು ಸತ್ಯ ಮನದಟ್ಟಾಯಿತು: ಧಡಾರ್ ಅಂದರೆ ಊಟ. ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬದ ಪಟಾಕಿಗಳಿಗೆ ಊರಿನ ನಾಯಿಗಳೆಲ್ಲ ಮಂಚದಡಿ ಸೇರಿದ್ದರೆ, ಕೈಸರ್ ಒಂದೊಂದು ಪಟಾಕಿಗೂ ಒಂದೊಂದು ಮನೆಯಂತೆ ಏಳು ಮನೆಯ ಹಬ್ಬದೂಟ ಮುಗಿಸಿ ಬಂತು.

"ನೋಡಿದ್ಯಾ, ಒಂಚೂರೂ ಹೆದರ್ಲಿಲ್ಲ!" ಎಂದು ಡೆಲ್ಮರ್ ಎದೆಯುಬ್ಬಿಸಿದ.

"ಅದೇನೋ ಹೆದರ್ಲಿಲ್ಲ. ಏಳು ಮನೆಗೂ ನಾಳೆ ನಾನು ಕೂಕನ್ ಬೇಯಿಸಿ ಕೊಟ್ಟು ಬರ್ಬೇಕು, ನನಗೆ ಹೆದರಿಕೆ ಆಗ್ತಿದೆ" ಎಂದಳು ಆರ್ಡಿಸ್.

ಮೂರನೆಯದು, ನಿಲ್ಲುವ ಪಾಠ. ಇದೇ ಎಲ್ಲಕ್ಕಿಂತ ದೊಡ್ಡದು. ಡೆಲ್ಮರ್ ಪುಸ್ತಕ ಹೇಳಿದಂತೆ "ವೋ!" ಎಂದ. ಕೈಸರ್ ಓಡಿತು. ಬೇಡಿಕೊಂಡ, ಓಡಿತು. ಮೂವತ್ತು ಅಡಿ ಹಗ್ಗ ಕಟ್ಟಿ ಹಿಡಿದ, ಹಗ್ಗದ ಜತೆ ಡೆಲ್ಮರನನ್ನೂ ದನಗಳ ಕೊಳದ ಈ ದಡದಿಂದ ಆ ದಡಕ್ಕೆ ಎಳೆದುಕೊಂಡು ಓಡಿತು! ಸೆಪ್ಟೆಂಬರ್ ಬಂದರೂ ನಾಯಿ ನಿಲ್ಲಲಿಲ್ಲ. ಅಕ್ಟೋಬರ್ ಹತ್ತಿರವಾದಂತೆ ಡೆಲ್ಮರನ ಕಣ್ಣಮುಂದೆ ಹೊಲದ ಆಚೆ ತುದಿ, ಆ ಗಾಳಿ, ಆ ನೆಗಡಿ ಬಂದು ನಿಲ್ಲತೊಡಗಿದವು.

ಹಾಗಿರುವಾಗ ಒಂದು ಮಧ್ಯಾಹ್ನ, ಹಿತ್ತಲ ಪಂಪಿನಲ್ಲಿ ನೀರು ಹೊಡೆಯುತ್ತಿದ್ದ ಡೆಲ್ಮರ್ ತಲೆಯೆತ್ತಿದ. ಹಿತ್ತಲ ಮೆಟ್ಟಿಲ ಬಳಿ ಕೈಸರ್ ಕಲ್ಲಿನಂತೆ ನಿಂತಿದೆ! ಮೂಗು ಮುಂದೆ! ಬಾಲ ನೆಟ್ಟಗೆ! ಬಲಗಾಲು ಮೇಲೆ! ಪಂಪಿನ ಕಿರುಗುಟ್ಟುವಿಕೆಯಲ್ಲಿ ಅವನಿಗೆ ಬೇರೇನೂ ಕೇಳಿಸಿರಲಿಲ್ಲ. ಕೊಡ ಕೈಬಿಟ್ಟು ಒಳಗೋಡಿದವನೇ ಫೋನೆತ್ತಿ, "ಮಾವ, ಪಾಯಿಂಟ್! ನನ್ನ ನಾಯಿ ಪಾಯಿಂಟ್ ಮಾಡ್ತು! ಪೊದೇಲಿ ಗುಬ್ಬಿ ಇದ್ದಿರ್ಬೇಕು!" ಎಂದು ಕಿರುಚಿದ. ಆಚೆಯಿಂದ "ಹೂಂ" ಎಂದು ಬಂತು. ಮಾವನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

"ಡೆಲ್ಮರ್, ಅದು ಗುಬ್ಬಿಗಲ್ಲ..." ಎಂದು ಟವೆಲ್ ಹಿಡಿದು ನಿಂತಿದ್ದ ಆರ್ಡಿಸ್ ಬಾಯಿ ತೆರೆದಳು.

"ನೀನು ಸುಮ್ನಿರು. ಬೇಟೆ ನಾಯಿ ವಿಷ್ಯ ನಿನಗೆ ತಿಳಿಯಲ್ಲ."

"ಆಯ್ತಪ್ಪ, ನಂಗೇನು ತಿಳಿಯುತ್ತೆ" ಎಂದು ಅವಳು ಟವೆಲನ್ನು ಮಡಚಿ ಏಪ್ರನ್ನಿಗೆ ಸಿಕ್ಕಿಸಿಕೊಂಡಳು.

ಬಂತು, ಮೂರನೇ ಶನಿವಾರ! ಹಿಂದಿನ ದಿನವಿಡೀ ಮಳೆ ಸುರಿದು ಹೊಲ ಕೆಸರಾಗಿತ್ತು. ಕಿತ್ತಳೆ ಬಣ್ಣದ ಟೋಪಿ ತೊಟ್ಟ ಡೆಲ್ಮರ್ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸಾಲಿನ ನಟ್ಟನಡುವೆ, ಮಾವನ ಪಕ್ಕದಲ್ಲೇ ನಿಂತ. ಆಚೆ ತುದಿಗೆ ಈ ಸಲ ಯಾರೋ ದೂರದ ನೆಂಟ ಹೋಗಿದ್ದ. ಹಿಂದೆ ಹೊಲದ ಅಂಚಿನಲ್ಲಿ ಪಿಕಪ್ ಗಾಡಿ. ಅದರ ಹಿಂಬದಿಯ ಹಲಗೆಯ ಮೇಲೆ ಆರ್ಡಿಸ್ ಬಿಳೀ ಮೇಜುಬಟ್ಟೆ ಹಾಸಿ ಆರು ಕೂಕನ್‌ಗಳನ್ನು ಜೋಡಿಸುತ್ತಿದ್ದಳು.

ಹನ್ನೆರಡಾಯಿತು. ಸೀಟಿ ಕೂಗಿತು. ಸಾಲು ಹೊರಟಿತು. ಕೈಸರ್ ಮೂಗು ನೆಲಕ್ಕಿಟ್ಟು ಎಡಕ್ಕೂ ಬಲಕ್ಕೂ ಎಷ್ಟು ಚೆಂದ ಹುಡುಕಿತೆಂದರೆ, ರೈನ್‌ಹೋಲ್ಡ್ ಎರಡು ಸಲ ಅದರ ಕಡೆ ತಿರುಗಿ ನೋಡಿದ. ಡೆಲ್ಮರ್ ಟೋಪಿ ನೇರ ಮಾಡಿಕೊಂಡು ಎದೆ ಸೆಟೆಸಿ ನಡೆದ.

"ಹುಂಜ! ಹುಂಜ!" ಎಂದು ಸಾಲಿನ ತುದಿಯಿಂದ ಲೈಲ್ ಕೂಗಿದ. ಹೇಂಟೆಯನ್ನು ಹೊಡೆಯುವಂತಿಲ್ಲ, ಹುಂಜ ಎದ್ದರೆ ಹಾಗೆ ಕೂಗಿಯೇ ಹೊಡೆಯಬೇಕು. ಹೊಡೆದ. ಧಡಾರ್!

ಕೈಸರ್ ಕಿವಿ ನಿಮಿರಿಸಿತು. ಊಟ!

ಆಮೇಲೆ ನಡೆದದ್ದನ್ನು ಆ ಬಳಗ ಇಂದಿಗೂ ಮರೆತಿಲ್ಲ. ನಾಯಿ ಗಿರಕ್ಕನೆ ಹಿಂದಿರುಗಿ ಪಿಕಪ್ಪಿನತ್ತ ಬಾಣದಂತೆ ಹಾರಿತು. ಹೋಗುವ ದಾರಿಯ ಹುಲ್ಲಿನಿಂದ ಹತ್ತು, ಇಪ್ಪತ್ತು, ನಲವತ್ತು ಫೆಸೆಂಟ್‌ಗಳು ಯಾರ ಗುಂಡಿಗೂ ಎಟುಕದಷ್ಟು ದೂರದಲ್ಲಿ ಎದ್ದು ಪಕ್ಕದ ಜಿಲ್ಲೆಗೆ ಹೊರಟುಹೋದವು! "ಭಾವ, ನಿಮ್ಮ ನಾಯಿ! ನಿಮ್ಮ ನಾಯಿ ಹಿಡೀರಿ!" ಎಂದು ಲೈಲ್ ತಲೆ ಚಚ್ಚಿಕೊಂಡ. ಡೆಲ್ಮರ್ ಬಂದೂಕನ್ನು ಪಕ್ಕದವನ ಕೈಗೆ ತುರುಕಿ, "ಕೈಸರ್! ವೋ! ಅಯ್ಯೋ ವೋ!" ಎನ್ನುತ್ತ ಏಳುತ್ತ ಬೀಳುತ್ತ ಹಿಂದೆ ಓಡಿದ. ಮಾವ ಕುಂಟುತ್ತ ಅವನ ಹಿಂದೆ ಹೊರಟ.

ಆರ್ಡಿಸ್ ತಲೆಯೆತ್ತಿ ನೋಡಿದಳು. ಹೊಟ್ಟೆಯವರೆಗೆ ಕೆಸರಾದ ನಾಯಿ, ಅದರ ಹಿಂದೆ ಮೂಗಿನವರೆಗೆ ಕೆಸರಾದ ಗಂಡ, ಎರಡೂ ತನ್ನ ಬಿಳೀ ಮೇಜುಬಟ್ಟೆಯತ್ತಲೇ ನುಗ್ಗಿ ಬರುತ್ತಿವೆ!

"ನಿಲ್ಲಲ್ಲೇ!!"

ನಾಯಿ ನಿಂತಿತು. ಮೂಗು ಮುಂದೆ, ಬಾಲ ನೆಟ್ಟಗೆ, ಬಲಗಾಲು ಮೇಲೆ.

"ಪಾಯಿಂಟ್!" ಎಂದು ಲೈಲ್ ದೂರದಿಂದಲೇ ಕೂಗಿದ. "ಅಪ್ಪಾ, ಪಾಯಿಂಟ್ ಮಾಡ್ತಿದೆ!"

ಇಡೀ ಹೊಲ ಉಸಿರು ಬಿಗಿಹಿಡಿಯಿತು. ರೈನ್‌ಹೋಲ್ಡ್ ಬಂದೂಕು ಸಿದ್ಧವಾಗಿಟ್ಟುಕೊಂಡು ನಾಯಿಯ ಮುಂದಿನ ಹುಲ್ಲನ್ನು ಒದ್ದ. ಏನೂ ಏಳಲಿಲ್ಲ. ಇನ್ನೊಮ್ಮೆ ಒದ್ದ. ಒಂದು ಮಿಡತೆ ಎದ್ದಿತು. ಅಷ್ಟರಲ್ಲಿ ಆರ್ಡಿಸ್ ನೆಟ್ಟಗೆ ನಡೆದು ಬಂದು, ಏಪ್ರನ್ನಿನಿಂದ ಟವೆಲ್ ಎಳೆದು, ಎತ್ತಿದ್ದ ಬಲಗಾಲನ್ನು ಒರೆಸಿದಳು. ಕೈಸರ್ ಅದನ್ನು ಕೆಳಗಿಟ್ಟು ಎಡಗಾಲು ಕೊಟ್ಟಿತು.

ಎಲ್ಲರಿಗೂ ಎಲ್ಲವೂ ಅರ್ಥವಾಯಿತು. ಎಲ್ಲರಿಗಿಂತ ಚೆನ್ನಾಗಿ ಅರ್ಥವಾದದ್ದು ಡೆಲ್ಮರನಿಗೆ. ಮುಖ ಹುಳ್ಳಗಾಯಿತು. ಆರು ತಿಂಗಳ ಪಾಠವೆಲ್ಲ ಒಂದು ಟವೆಲಿನಲ್ಲಿ ಒರೆಸಿಹೋಯಿತು. ಸೀಟಿ ಹೋಯಿತು, ಮಾನ ಹೋಯಿತು, ಮುಂದಿನ ವರ್ಷ ಮತ್ತೆ ಆಚೆ ತುದಿಯೇ ಗತಿ ಎಂದು ಅವನಿಗೆ ಅಳುವೇ ಬಂತು.

ಆಗ ಅವನ ಬೂಟಿನ ಕೆಳಗಿನ ಹುಲ್ಲುಪೊದೆ ಸಿಡಿಯಿತು! ಹೊಳೆಯುವ ಹುಂಜವೊಂದು "ಕೊಕ್ ಕೊಕ್ ಕೊಕ್" ಎಂದು ಬೈಯುತ್ತ ರೆಕ್ಕೆ ಬಡಿದು ಬಯಲಿನತ್ತ ಎದ್ದಿತು. ಬೇರೆ ಯಾರೇ ಆಗಿದ್ದರೂ ಬೆಚ್ಚಿ ಹಿಂದಕ್ಕೆ ಬೀಳುತ್ತಿದ್ದರು. ಡೆಲ್ಮರ್ ರೆಪ್ಪೆಯನ್ನೂ ಅಲುಗಿಸಲಿಲ್ಲ. ಮಾವ ತಿರುಗಿ ಒಂದೇ ಗುಂಡು ಹೊಡೆದ. ಹುಂಜ ಬಿತ್ತು. ಧಡಾರ್ ಕೇಳಿದ ಕೈಸರ್, ಕಾಲು ಒರೆಸಿಯಾಗಿತ್ತಲ್ಲ, ನಿಶ್ಚಿಂತೆಯಿಂದ ಮೇಜುಬಟ್ಟೆಯ ಮೇಲೆ ಹಾರಿ ಮೊದಲ ಕೂಕನ್‌ಗೆ ಬಾಯಿ ಹಾಕಿತು.

ಆಮೇಲೆಯೇ ಎಲ್ಲರೂ ಡೆಲ್ಮರನನ್ನು ಸರಿಯಾಗಿ ನೋಡಿದ್ದು. ಮೂಗು ಮುಂದೆ. ಬೆನ್ನು ನೆಟ್ಟಗೆ. ಬಲಗಾಲು ಮೇಲೆ! ಹೆಂಡತಿ "ನಿಲ್ಲಲ್ಲೇ" ಎಂದಾಗ ಹೇಗೆ ನಿಂತಿದ್ದನೋ ಹಾಗೆಯೇ ಇನ್ನೂ ನಿಂತಿದ್ದ.

ರೈನ್‌ಹೋಲ್ಡ್ ಅಳಿಯನ ಸುತ್ತ ಒಂದು ಪೂರ್ತಿ ಸುತ್ತು ಬಂದ.

"ಇದನ್ನ ಪಳಗಿಸಿದ್ದು ಯಾರಮ್ಮ?" ಎಂದು ಮಗಳನ್ನು ಕೇಳಿದ.

"ನಾನೇ ಅಪ್ಪ. ಹತ್ತೊಂಬತ್ತು ವರ್ಷ ಹಿಡೀತು."

ಮುದುಕ ಕೊರಳಿನ ಸೀಟಿ ತೆಗೆದು ಮಗಳ ಕೊರಳಿಗೆ ಹಾಕಿದ. ಈಸ್ಟರ್ ದಿನ ಡೆಲ್ಮರ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಸೀಟಿ ಅವನ ಮನೆಗೇ ಬಂದಿತ್ತು!

"ಆರ್ಡಿಸ್," ಎಂದ ಡೆಲ್ಮರ್ ಕ್ಷೀಣ ದನಿಯಲ್ಲಿ, "ಕಾಲು ಇಳಿಸ್ಲಾ?"

"ಇರು, ಬೂಟು ಎಳೀತೀನಿ."

ಬಿದ್ದ ಹುಂಜವನ್ನು ಎತ್ತಿಕೊಳ್ಳಲು ಹೊರಟ ರೈನ್‌ಹೋಲ್ಡ್, ಅಳಿಯನ ಪಕ್ಕ ಬಂದಾಗ ಒಂದು ಗಳಿಗೆ ನಿಂತ. ದೊರಗು ಕೈಯನ್ನೆತ್ತಿ ಅವನ ಬೆನ್ನನ್ನು ಎರಡು ಸಲ ತಟ್ಟಿದ.

"ಒಳ್ಳೇ ನಾಯಿ" ಎಂದ.