ನಾಗಪುರದ ಪಿಯಾನೊದವರು

ನಗುವಂಥ ಪ್ರಸಂಗಗಳು ಸುಖವಾಗಿದ್ದವರ ಮನೆಗೇ ಬರುತ್ತವೆ ಅಂತೇನಿಲ್ಲ. ನಮ್ಮ ಮನೆಗೆ ಅವು ಕಷ್ಟದ ದಿನಗಳಲ್ಲಿ ತುಸು ಹೆಚ್ಚಾಗಿಯೇ ಬರುತ್ತಿದ್ದವು. ಎಂಬತ್ತರ ದಶಕದಲ್ಲಿ ನಮ್ಮ ಮನೆಯವರು ನಾಗಪುರದ ಒಂದು ಹೋಟೆಲಿನಲ್ಲಿ ಪಿಯಾನೊ ನುಡಿಸುತ್ತಿದ್ದರು. ಅದೂ ಜಾಝ್. ಒಂದು ಧಾಟಿ ಹಿಡಿದು ಹೊರಟು, ದಾರಿಯಲ್ಲಿ ತಮಗೆ ತೋಚಿದ ಹಾಗೆ ಬೆಳೆಸುತ್ತ ಹೋಗುವ ಸಂಗೀತ. ಅವರು ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳೆದವರು. ಅವರ ತಂದೆ ಮಿಲಿಟರಿ ಬ್ಯಾಂಡಿನಲ್ಲಿದ್ದರು. ನಾನು ಧಾರವಾಡದವಳು. ಈಗ ಅವರಿಲ್ಲ. ಹೇಳುವುದಕ್ಕೆ ನಾನು ಉಳಿದಿದ್ದೇನೆ.

ಕಾಲು ಎಲ್ಲಿಡೋದು

ಹುಡುಗ ಪೇಟಿ ನುಡಿಸುತ್ತಾನೆ ಎಂದು ಯಾರೋ ನಮ್ಮಪ್ಪನಿಗೆ ಹೇಳಿದ್ದರು. ಹೆಣ್ಣು ನೋಡಲು ಬಂದ ದಿನ ಅಪ್ಪ ನಮ್ಮ ಮನೆಯ ಹಾರ್ಮೋನಿಯಂ ಒರೆಸಿ ಅವರ ಮುಂದಿಟ್ಟು, "ಒಂದು ದಾಸರ ಪದ ನುಡಸ್ರಿ" ಅಂದರು. ಇವರು ಎರಡೂ ಕೈ ಪೇಟಿಯ ಕಪ್ಪು-ಬಿಳಿ ಮನೆಗಳ ಮೇಲಿಟ್ಟು ಒತ್ತಿದರು. ಸದ್ದೇ ಇಲ್ಲ. ಬಗ್ಗಿ ಪೇಟಿಯ ಕೆಳಗೆ ಪೆಡಲು ಹುಡುಕಿ, "ಸರ್, ಇದಕ್ಕೆ ಕಾಲು ಎಲ್ಲಿಡೋದು?" ಅಂದರು.

ಸರಸ್ವತಿಗೆ ಕಾಲು ಹಚ್ಚುವ ಮಾತು ಕೇಳಿ ಅಪ್ಪನ ಮುಖ ಕಪ್ಪಿಟ್ಟಿತು. ನನಗೆ ಏನು ಧೈರ್ಯ ಬಂತೋ, ಎದ್ದು ಹೋಗಿ ಪೇಟಿಯ ಹಿಂದೆ ಕೂತು ತಿದಿ ಒತ್ತತೊಡಗಿದೆ. ಅವರು ಎರಡೂ ಕೈಯಿಂದ ನುಡಿಸಿದರು. ದಾಸರು ಎಲ್ಲಿ ಶುರುವಾಗಿ ಎಲ್ಲಿ ಕಳೆದುಹೋದರೋ ಯಾರಿಗೂ ಗೊತ್ತಾಗಲಿಲ್ಲ.

ಅವರು ಹೋದ ಮೇಲೆ ಅಪ್ಪ ಪೇಟಿ ಮುಚ್ಚಿಟ್ಟು ಅವ್ವನಿಗೆ ಹೇಳಿದರು: "ಅಂವ ಏನು ನುಡಿಸಿದ್ನೋ ನನಗ ತಿಳೀಲಿಲ್ಲ. ಆದ್ರ ನಿನ್ನ ಮಗಳು ಗಾಳಿ ಹಾಕೋದು ಬಿಡಲಿಲ್ಲ. ಮುಹೂರ್ತ ನೋಡೋಣು."

ಕೈರುಚಿ

ನಾಗಪುರದಲ್ಲಿ ಪಕ್ಕದ ಮನೆಯ ಮರಾಠಿ ಹೆಂಗಸು, ಗಲ್ಲಿಯವರೆಲ್ಲ ಕಾಕು ಅನ್ನುತ್ತಿದ್ದವರು, ಯಜಮಾನರು ಎಲ್ಲಿ ಕೆಲಸ ಮಾಡುತ್ತಾರೆ ಅಂತ ಕೇಳಿದರು. "ಹೋಟೆಲಿನಲ್ಲಿ" ಅಂದೆ. ಮುಂದಿನದನ್ನು ಹೇಳುವಷ್ಟು ಮರಾಠಿ ನನಗಿನ್ನೂ ಬಂದಿರಲಿಲ್ಲ. ತಮ್ಮ ಮಗಳ ಮದುವೆಯ ದಿನ ಕಾಕು ಇವರನ್ನು ಕರೆದು ಅಡಿಗೆಯ ಕೊಪ್ಪರಿಗೆಗಳ ಮುಂದೆ ನಿಲ್ಲಿಸಿದರು. ಬೇಡ ಅನ್ನಲಾರದೆ ಇವರು ವರಣ, ಅಂದರೆ ಅವರ ತೊವ್ವೆ, ನೆಕ್ಕಿ ನೋಡಿ, "ಉಪ್ಪು ಸ್ವಲ್ಪ ಕಡಿಮೆ" ಅಂದರು. ನಿಜಕ್ಕೂ ಕಡಿಮೆಯಿತ್ತು.

ನಾವು ಆ ಗಲ್ಲಿ ಬಿಡುವವರೆಗೂ ಇವರ ನಾಲಿಗೆಗೆ ಇದ್ದ ಹೆಸರು ಇವರ ಬೆರಳಿಗೆ ಇರಲಿಲ್ಲ.

ಕೂಲರಿನ ಪಾಠ

ಬೇಸಿಗೆ ಬಂತೆಂದು ಹೋಟೆಲಿನ ಮ್ಯಾನೇಜರು ದೊಡ್ಡ ಕೂಲರ್ ತರಿಸಿ ಪಿಯಾನೊದ ಪಕ್ಕದಲ್ಲೇ ಇಡಿಸಿದರು. ಒದ್ದೆ ಗಾಳಿಗೆ ಕಟ್ಟಿಗೆ ಉಬ್ಬಿತು. ಕೆಲವು ಮನೆಗಳು ಒತ್ತಿದರೆ ಮೇಲೆ ಏಳುತ್ತಲೇ ಇರಲಿಲ್ಲ. ಕೂಲರ್ ಸರಿಸಿ ಅಂದರೆ, "ಗಿರಾಕಿಗಳು ಬೇಕೋ ಬೇಡವೋ?" ಅನ್ನುವರು. ಇವರು ಆ ಮನೆಗಳನ್ನು ಮುಟ್ಟದೆ, ಒಡೆದ ಮೆಟ್ಟಿಲು ದಾಟಿದ ಹಾಗೆ ದಾಟಿ ದಾಟಿ ನುಡಿಸಿದರು.

ಮುಂಬಯಿಯಿಂದ ಬಂದಿದ್ದ ಒಬ್ಬ ವಾದಕರು ಮುಗಿಯುವತನಕ ಕೂತಿದ್ದು ಹತ್ತಿರ ಬಂದರು. "ಸ್ವರವನ್ನು ಹೀಗೆ ಬಿಟ್ಟು ನುಡಿಸೋದು ನಮ್ಮಲ್ಲಿ ಯಾರಿಗೂ ಬರಲ್ಲ. ಯಾರ ಹತ್ತಿರ ಕಲಿತಿರಿ?"

"ಕೂಲರ್ ಹತ್ತಿರ" ಅಂದರು ಇವರು.

ಕೋಟು ನಮ್ಮದೇ

ಆಮೇಲೆ ಹೋಟೆಲಿಗೆ ದೊಡ್ಡ ಟೇಪ್ ರೆಕಾರ್ಡರ್ ಬಂತು. ಮ್ಯಾನೇಜರು ಇವರನ್ನು ಕೂರಿಸಿ ಮರ್ಯಾದೆಯಿಂದಲೇ ಹೇಳಿದರು: "ಇನ್ನು ನಿಮಗೆ ತ್ರಾಸಿಲ್ಲ. ಕೋಟು ಹಾಕಿಕೊಂಡು ಬಂದು ಪಿಯಾನೊ ಮುಂದೆ ಕೂತರೆ ಸಾಕು. ಟೇಪು ನುಡಿಸುತ್ತೆ, ನೀವು ಕೈ ಆಡಿಸಿ."

ಮನೆ ನಡೆಯಬೇಕಲ್ಲ, ಇವರು ಹೋಗಿ ಕೂತರು. ಅರ್ಧ ಗಂಟೆಯೂ ಆಗಿರಲಿಲ್ಲ, ಗಂಡಹೆಂಡತಿ ಇಬ್ಬರು ಬಂದು, "ಇದನ್ನೇ ಸ್ವಲ್ಪ ನಿಧಾನವಾಗಿ ನುಡಿಸ್ತೀರಾ?" ಅಂದರು. ಟೇಪು ತನ್ನ ಪಾಡಿಗೆ ಓಡುತ್ತಲೇ ಇತ್ತು. ಇವರು ಎದ್ದು ಅದನ್ನು ನಿಲ್ಲಿಸಿ, ಅದೇ ಹಾಡನ್ನು ನಿಧಾನವಾಗಿ ನುಡಿಸಿ ಮುಗಿಸಿ, ಮನೆಗೆ ಬಂದುಬಿಟ್ಟರು.

"ಯಾಕ್ರಿ, ಇಷ್ಟು ಜಲ್ದಿ?" ಅಂದೆ.

"ಕೆಲಸ ಬಿಟ್ಟೆ ಕಣೇ" ಅಂದರು. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, "ಕೋಟು ನಮ್ಮದೇ, ತಂದಿದೀನಿ."

ಆ ರಾತ್ರಿ ಇಬ್ಬರೂ ಊಟ ಮಾಡಲಿಲ್ಲ. ಮುಂದೆ ಏರ್‌ಫೋರ್ಸ್ ಮನೆಗಳ ಮಕ್ಕಳಿಗೆ ಪಾಠ ಹೇಳಿ ಅವರು ಸಂಸಾರ ತೂಗಿಸಿದರು.

ಕಾಮ್ಟಿಯ ಸಾಹೇಬರು

ಇವರು ಇನ್ನೂ ಹೋಟೆಲಿನಲ್ಲಿದ್ದ ಕಾಲಕ್ಕೆ, ಸೈನ್ಯದಿಂದ ನಿವೃತ್ತರಾದ ಒಬ್ಬ ಸಾಹೇಬರು ನಾಗಪುರದ ಹತ್ತಿರದ ಕಾಮ್ಟಿಯಿಂದ ಪ್ರತಿ ಶನಿವಾರ ಹೋಟೆಲಿಗೆ ಬಂದು ಪಿಯಾನೊ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಮೊದಲ ದಿನ ಅವರು ಒಳಗೆ ಬಂದಾಗ ಇವರು ಬೇರೆ ಯಾರಿಗೋ ಒಂದು ಹಳೆಯ ಧಾಟಿ ನುಡಿಸುತ್ತಿದ್ದರು. ಸಾಹೇಬರು ನಿಂತು ಕೇಳಿ ತಲೆಯಾಡಿಸಿದರು. ಅಂದಿನಿಂದ ಅವರು ಬಾಗಿಲಲ್ಲಿ ಕಂಡರೆ ಸಾಕು, ಇವರು ಅದನ್ನೇ ಶುರು ಮಾಡುವರು. ಇವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಗಂಟಲಲ್ಲಿ ಸಿಕ್ಕ ಗೆಣಸು ಅದು. ಆದರೆ ಮುದುಕರಿಗೆ ಇಷ್ಟ, ಇರಲಿ" ಅನ್ನುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು.

ಇವರು ಕೆಲಸ ಬಿಟ್ಟ ಮರುವರ್ಷ ಸಾಹೇಬರು ತೀರಿಕೊಂಡರು. ಅವರ ಹೆಂಡತಿ ಹೇಳಿಕಳಿಸಿದರು: ಮನೆಯಲ್ಲಿ ಪಿಯಾನೊ ಇದೆ, ಪ್ರಾರ್ಥನೆಯ ದಿನ ಬಂದು ನುಡಿಸಬೇಕು ಅಂತ. ಸ್ಕೂಟರಿನಲ್ಲಿ ಇಬ್ಬರೂ ಹೋದೆವು. ಹಾಲ್ ತುಂಬ ಬಿಳಿ ಬಟ್ಟೆಯ ಜನ, ಗೋಡೆಗೆ ಸಾಹೇಬರ ಫೋಟೊ. ಇವರು ಆ ಧಾಟಿಯನ್ನೇ ಎತ್ತಿಕೊಂಡರು. ಅಷ್ಟು ಮನಸ್ಸಿಟ್ಟು ಅವರು ಅದನ್ನು ಎಂದೂ ನುಡಿಸಿರಲಿಲ್ಲ. ನನಗೂ ಕಣ್ಣು ತುಂಬಿತು.

ಮುಗಿದ ಮೇಲೆ ಆ ತಾಯಿ ಪಿಯಾನೊ ಹತ್ತಿರ ಬಂದು ಹಿಂದಿಯಲ್ಲಿ ಮೆಲ್ಲಗೆ ಅಂದರು: "ಇದೇ, ಇದೇ ಅದು. ಪ್ರತಿ ಶನಿವಾರ ಮನೆಗೆ ಬಂದು ಹೇಳೋರು, ಇವತ್ತೂ ಅದನ್ನೇ ಕೇಳಿದೆ, ನನಗಂತೂ ಸಾಕಾಗಿದೆ ಅಂತ. ಆದರೆ ಪಾಪ, ಆ ಪಿಯಾನೊದವನಿಗೆ ಅದು ಪ್ರಾಣ, ನಾನು ತಲೆಯಾಡಿಸದಿದ್ದರೆ ನೊಂದುಕೊಳ್ತಾನೆ ಅನ್ನೋರು."

ಇವರ ಕೈ ಇನ್ನೂ ಪಿಯಾನೊದ ಮೇಲೇ ಇತ್ತು. ಫೋಟೊ ನೋಡಿದರು, ನನ್ನನ್ನು ನೋಡಿದರು. ಆಮೇಲೆ, "ಅಮ್ಮ, ನನಗೂ ಅದು ಇಷ್ಟ ಇರಲಿಲ್ಲ. ಅವರಿಗೆ ಇಷ್ಟ ಅಂತ ನುಡಿಸ್ತಿದ್ದೆ" ಅಂದರು.

ಆಕೆ ಇವರನ್ನೇ ದಿಟ್ಟಿಸಿದರು. ಸೆರಗು ಬಾಯಿಗೆ ಒತ್ತಿಕೊಂಡು, ಅಲ್ಲೇ ನನ್ನ ಹೆಗಲಿಗೆ ಒರಗಿ, ಮೈಯೆಲ್ಲ ಕುಲುಕುವ ಹಾಗೆ ನಕ್ಕರು. ನಾನು ತಲೆ ತಗ್ಗಿಸಿ ಅವರನ್ನು ಹಿಡಿದುಕೊಂಡೆ. ನನ್ನ ಹೊಟ್ಟೆಯೂ ಕುಲುಕುತ್ತಿತ್ತು. ಇವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ನೆಂಟರೆಲ್ಲ ಗಾಬರಿಯಿಂದ ಎದ್ದರು. ಯಾರೋ ನೀರು ತಂದರು.

ಸಾಹೇಬರ ಅಣ್ಣ ಕೈಯೆತ್ತಿ ಎಲ್ಲರನ್ನೂ ತಡೆದು ಹೇಳಿದರು: "ಬಿಡಿ, ಅಳಲಿ. ಮೂರು ದಿನದಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ."