ಎರಡನೆಯ ವಿಮರ್ಶಕ

ಎಲ್ಲಕ್ಕೂ ಮೂಲ ಒಂದು ದವಡೆ ಹಲ್ಲು. ಎರಡು ತಿಂಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಅದು ಮೇಷ್ಟ್ರ ಬಾಯಲ್ಲಿ ಜೀವ ಹಿಂಡತೊಡಗಿತು. ಅದೇ ಹೊತ್ತಿಗೆ ಭಾಷಾ ತಂತ್ರಜ್ಞಾನ ಸಮ್ಮೇಳನದವರು ಕಳಿಸಿದ್ದ ಪ್ರಬಂಧವೊಂದು ಮೇಜಿನ ಮೇಲಿತ್ತು. ಅದನ್ನು ಓದಿ ವಿಮರ್ಶೆ ಬರೆದು ಕಳಿಸಬೇಕಿತ್ತು. ಬರೆದವರು ಯಾರೆಂದು ಓದುವವರಿಗೆ ಹೇಳುವುದಿಲ್ಲ, ಓದಿದವರು ಯಾರೆಂದು ಬರೆದವರಿಗೂ ಹೇಳುವುದಿಲ್ಲ. ನ್ಯಾಯವಾಗಿರಲಿ ಎಂದು ಮಾಡಿದ ಏರ್ಪಾಡು. ಪ್ರಬಂಧ ಹಲ್ಲುನೋವಿನವರ ಕೈಗೆ ಸಿಕ್ಕರೆ ಏನು ಗತಿ ಎಂದು ಏರ್ಪಾಡು ಮಾಡಿದವರು ಯೋಚಿಸಿರಲಿಲ್ಲ.

ಆ ಪ್ರಬಂಧ ಒಂದು ಯಂತ್ರದ ಬಗ್ಗೆ. ಯಂತ್ರವೆಂದರೆ ಚಕ್ರ ಗಿಕ್ರ ಏನಿಲ್ಲ, ಕಂಪ್ಯೂಟರಿನೊಳಗಿನ ಲೆಕ್ಕಾಚಾರ. ಹೆಸರಿಲ್ಲದ ಬರಹ ಕೊಟ್ಟರೆ ಅದು ಬರೆದವರನ್ನು ಹಿಡಿದುಕೊಡುತ್ತದಂತೆ, ಅದೂ ನೂರಕ್ಕೆ ನೂರು. ಮೇಷ್ಟ್ರು ಎಡಗೈಯಲ್ಲಿ ದವಡೆ ಒತ್ತಿಕೊಂಡು ಬಲಗೈಯಲ್ಲಿ ಒಂಬತ್ತು ಪುಟ ಕುಟ್ಟಿದರು. ಪುಟ, ಸಾಲುಗಳ ಸಮೇತ ಇಪ್ಪತ್ತಮೂರು ತಪ್ಪು. ಹದಿನಾಲ್ಕನೆಯದು ಹೀಗಿತ್ತು: 'ಯಂತ್ರಕ್ಕೆ ಪಾಠ ಹೇಳಿಕೊಟ್ಟ ಬರಹಗಳನ್ನೇ ಪರೀಕ್ಷೆಗೂ ಇಟ್ಟಿದ್ದೀರಿ. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಕೊಟ್ಟರೆ ನನ್ನ ಭಾವಮೈದುನನೂ ನೂರಕ್ಕೆ ನೂರು ತೆಗೆಯುತ್ತಾನೆ.' ಕೊನೆಯದು, 'ಇದನ್ನು ಬರೆದವರು ಇನ್ನೊಮ್ಮೆ ಒಂದನೇ ತರಗತಿಗೆ ಸೇರುವುದು ಒಳ್ಳೆಯದು.' ಮರುದಿನ ಹಲ್ಲು ಕೀಳಿಸಿದರು. ಹಲ್ಲಿನ ಜೊತೆ ವಿಮರ್ಶೆಯೂ ಮರೆತುಹೋಯಿತು.

ಮೇಷ್ಟ್ರನ್ನು ಕಾಲೇಜಿನಲ್ಲಿ ಎಲ್ಲರೂ 'ತಾತ್ಕಾಲಿಕ ಮೇಷ್ಟ್ರು' ಎನ್ನುತ್ತಿದ್ದರು. ಒಂಬತ್ತು ವರ್ಷದಿಂದ ಅವರ ಕೆಲಸ ತಾತ್ಕಾಲಿಕವೇ. ಅವರು ಬಂದಾಗ ಹೊಸದಾಗಿದ್ದ ಬೆಂಚುಗಳು ಮುರಿದು ಬದಲಾಗಿದ್ದವು, ಮೇಷ್ಟ್ರು ಮಾತ್ರ ತಾತ್ಕಾಲಿಕವಾಗಿಯೇ ಉಳಿದಿದ್ದರು. ಅದೂ ಈ ತಿಂಗಳ ಕೊನೆಗೆ ಮುಗಿಯುವುದಿತ್ತು. ಅಷ್ಟರಲ್ಲಿ ದೊಡ್ಡ ಪ್ರಯೋಗಾಲಯವೊಂದರಿಂದ ಪತ್ರ ಬಂತು: ಒಂದು ಖಾಯಂ ಹುದ್ದೆ ಇದೆ, ಸಮ್ಮೇಳನದ ದಿನ ನಾಲ್ಕು ಗಂಟೆಗೆ ಮುಖ್ಯಸ್ಥರಾದ ಮೇಡಂ ಅವರನ್ನು ಕಾಣತಕ್ಕದ್ದು.

ಬೆಳಿಗ್ಗೆ ಹೊರಡುವಾಗ ಹೆಂಡತಿ ಅಂಗಿಯ ಕಾಲರು ಸರಿಮಾಡುತ್ತ ಹೇಳಿದ್ದಳು, "ಇವತ್ತು ಸಾಯಂಕಾಲ ಅಪ್ಪ ಬರ್ತಾರೆ ರೀ. ಬಂದ ತಕ್ಷಣ ಏನು ಕೇಳ್ತಾರೆ ಅಂತ ನಿಮಗೇ ಗೊತ್ತು."

ಗೊತ್ತಿತ್ತು. ಮಾವನವರು ಒಂಬತ್ತು ವರ್ಷದಿಂದ ಚಪ್ಪಲಿ ಬಿಡುತ್ತಲೇ ಅದನ್ನು ಕೇಳುತ್ತ ಬಂದಿದ್ದರು: ಇನ್ನೂ ತಾತ್ಕಾಲಿಕಾನಾ?

ಸಮ್ಮೇಳನದ ಸಭಾಂಗಣದಲ್ಲಿ ಮೇಷ್ಟ್ರು ಐದನೇ ಸಾಲಿನಲ್ಲಿ ಕೂತು ಕಾರ್ಯಕ್ರಮದ ಪುಸ್ತಿಕೆ ತೆರೆದರು. ಮೊದಲ ಪ್ರಬಂಧದ ಶೀರ್ಷಿಕೆ ಎಲ್ಲೋ ಓದಿದಂತಿತ್ತು. ಕೆಳಗೆ ಬರೆದವರ ಹೆಸರು ಅಚ್ಚಾಗಿತ್ತು. ಅದು ನಾಲ್ಕು ಗಂಟೆಗೆ ಕಾಣಬೇಕಾಗಿದ್ದ ಮೇಡಂ ಹೆಸರು. ಹಲ್ಲು ಕಿತ್ತ ಜಾಗ ಜುಮ್ಮೆಂದಿತು.

"ಯಾಕಯ್ಯ, ಮುಖ ಬಿಳಿಚಿಕೊಂಡಿದೆ?" ಎಂದರು ಪಕ್ಕದಲ್ಲಿದ್ದ ಹೌದಪ್ಪನವರು. ಇವರು ಮೇಷ್ಟ್ರ ಕಾಲೇಜಿನ ಹಿರಿಯ ಅಧ್ಯಾಪಕರು, ಖಾಯಂ. ಯಾರು ಏನು ಹೇಳಿದರೂ "ಹೌದು, ಹೌದು" ಎನ್ನುವುದು ಇವರ ಅಭ್ಯಾಸವಾದ್ದರಿಂದ ಆ ಹೆಸರು ಬಂದಿತ್ತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವರು ಯಾರಿಗೂ 'ಇಲ್ಲ' ಎಂದದ್ದನ್ನು ಕೇಳಿದವರಿರಲಿಲ್ಲ.

"ಸೆಖೆ ಸಾರ್."

"ಹೌದು, ಹೌದು," ಎಂದರು ಸ್ವೆಟರ್ ಹಾಕಿಕೊಂಡಿದ್ದ ಹೌದಪ್ಪನವರು.

ಮೇಡಂ ವೇದಿಕೆಗೆ ಬಂದರು. ನೇರ ನಿಲುವಿನ, ನಗು ಕಡಿಮೆಯ ಹೆಂಗಸು. "ನನ್ನ ಪ್ರಬಂಧವನ್ನ ಇಬ್ಬರು ಓದಿದ್ರು," ಎಂದು ಶುರುಮಾಡಿದರು. "ಮೊದಲನೆಯವರ ವಿಮರ್ಶೆ ಪೂರ್ತಿ ಓದ್ತೀನಿ, ಕೇಳಿ. 'ಪ್ರಬಂಧ ಚೆನ್ನಾಗಿದೆ. ಅಕ್ಷರಗಳೂ ದುಂಡಗಿವೆ. ಎಲ್ಲರಿಗೂ ಶುಭವಾಗಲಿ.' ಇಷ್ಟೇ."

ಸಭೆ ನಕ್ಕಿತು.

"ಎರಡನೆಯವರು ಒಂಬತ್ತು ಪುಟ ಬರೆದಿದ್ದಾರೆ. ಕೊನೇಲಿ ನನ್ನನ್ನ ಒಂದನೇ ತರಗತಿಗೆ ಸೇರಿಸಿದ್ದಾರೆ."

ಸಭೆ ಇನ್ನೂ ಜೋರಾಗಿ ನಕ್ಕಿತು. ಮೇಷ್ಟ್ರೂ ನಗಬೇಕಾಯಿತು. ನಗದಿದ್ದರೆ ಗುಮಾನಿ ಬರುತ್ತದೆ, ಹೆಚ್ಚು ನಕ್ಕರೂ ಬರುತ್ತದೆ. ಎಡಬಲ ನೋಡಿಕೊಂಡು ಹದವಾಗಿ ನಕ್ಕರು.

"ಇಬ್ಬರೂ ಇಲ್ಲೇ ಕೂತಿದ್ದಾರೆ ಅಂತ ಸಮಿತಿಯವರು ಹೇಳಿದ್ರು, ಹೆಸರು ಮಾತ್ರ ಹೇಳಲಿಲ್ಲ. ಪರವಾಗಿಲ್ಲ, ನನ್ನ ಹತ್ರ ಯಂತ್ರ ಇದೆಯಲ್ಲ. ಪಕ್ಕದ ಕೋಣೆಯಲ್ಲಿ ಕಂಪ್ಯೂಟರುಗಳಿವೆ. ಎಲ್ಲರೂ ಇವತ್ತು ಇಲ್ಲಿಗೆ ಹೇಗೆ ಬಂದ್ರಿ ಅಂತ ಹತ್ತು ಸಾಲು ಬರೀರಿ. ಬರೆದವರಿಗೇ ಊಟದ ಚೀಟಿ. ಊಟ ಆದಮೇಲೆ ಯಾರ ಸಾಲು ಯಾವ ವಿಮರ್ಶೆಗೆ ಹೋಲುತ್ತೆ ಅಂತ ಯಂತ್ರ ಹೇಳಲಿ." ಸ್ವಲ್ಪ ತಡೆದು ಸೇರಿಸಿದರು, "ಆ ಎರಡನೆಯವರನ್ನ ನಾನು ನೋಡಲೇಬೇಕು."

ಈ ಮಾತು ಹೇಳುವಾಗ ಅವರು ನಗಲಿಲ್ಲ. ಮೇಷ್ಟ್ರು ಅದನ್ನು ಸರಿಯಾಗಿ ಗಮನಿಸಿದರು.

ಚಹಾದ ವಿರಾಮದಲ್ಲಿ ಎಲ್ಲರ ಬಾಯಲ್ಲೂ ಅದೇ ಸುದ್ದಿ. ನಿಘಂಟಿನ ಕೆಲಸ ಮಾಡುವ ಒಬ್ಬ ದಪ್ಪ ಕನ್ನಡಕದವರು ಬಿಸ್ಕತ್ತು ಅದ್ದುತ್ತ ಹೇಳಿದರು, "ಆ ಮನುಷ್ಯನ ಕೆಲಸ ಹೋಯ್ತು ಅಂತಲೇ ಲೆಕ್ಕ. ಆಯಮ್ಮ ಸುಮ್ನೆ ಬಿಡೋರಲ್ಲ."

"ಬಿಡೋರಲ್ಲ," ಎಂದರು ಮೇಷ್ಟ್ರು. ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು.

ಒರೆಸಿಕೊಳ್ಳಲು ಹೋದಾಗ ನಲ್ಲಿಯ ಮುಂದೆ ಒಂದು ಉಪಾಯ ಹೊಳೆಯಿತು. ಹೊರಗೆ ಬಂದು ಹೌದಪ್ಪನವರನ್ನು ಒಂದು ಕಂಬದ ಮರೆಗೆ ಕರೆದರು.

"ಸಾರ್, ಒಂದು ತಮಾಷೆ ಮಾಡೋಣ್ವಾ? ನನ್ನ ಹೆಸರಲ್ಲಿ ನೀವು ಬರೀರಿ, ನಿಮ್ಮ ಹೆಸರಲ್ಲಿ ನಾನು ಬರೀತೀನಿ. ಆ ಯಂತ್ರಕ್ಕೆ ಚಳ್ಳೆಹಣ್ಣು ತಿನ್ನಿಸೋಣ."

"ಹೌದು, ಹೌದು," ಎಂದರು ಹೌದಪ್ಪನವರು.

ಮೇಷ್ಟ್ರ ಮನಸ್ಸಿಗೆ ಚುಚ್ಚದೇ ಇರಲಿಲ್ಲ. ಯಂತ್ರ ಒಂದು ವೇಳೆ ಸರಿಯಾಗಿ ಕೆಲಸ ಮಾಡಿದರೆ ಪೆಟ್ಟು ಬೀಳುವುದು ಈ ಸಾಧು ಮನುಷ್ಯನ ತಲೆಯ ಮೇಲೆ. ಆದರೆ ಅವರದು ಖಾಯಂ ನೌಕರಿ, ಯಾರೇನು ಮಾಡಲಾಗುತ್ತದೆ ಎಂದು ಸಮಾಧಾನ ಹೇಳಿಕೊಂಡರು. ಅಲ್ಲದೆ ತಾವು ಬಹಳ ಸಿಹಿಯಾಗಿ ಬರೆಯಬೇಕೆಂದು ನಿಶ್ಚಯಿಸಿದ್ದರು. ಸಿಹಿಯಾಗಿ ಬರೆದರೆ ಯಂತ್ರಕ್ಕೆ ಯಾವ ಸುಳಿವೂ ಸಿಗದು, ಇಬ್ಬರೂ ಪಾರು.

ಕಂಪ್ಯೂಟರಿನಲ್ಲಿ ಹೌದಪ್ಪನವರ ಹೆಸರು ಹಾಕಿ, 'ಪ್ರಯಾಣ ಬಹಳ ಹಿತವಾಗಿತ್ತು' ಎಂದು ಬರೆದರು. ಬರೆದದ್ದನ್ನು ಓದಿದರು. ಹಿತವಾಗಿತ್ತು ಎಂದು ಬರೆದರೆ ಸಾಕೇ? ಅದಕ್ಕೆ ಆಧಾರವೇನು? ಬೆರಳುಗಳು ತಾವಾಗಿ ಓಡಿದವು. 'ಒಂದು: ಬಸ್ಸು ಇಪ್ಪತ್ತು ನಿಮಿಷ ತಡ; ಕಾರಣ ಕೊಟ್ಟಿಲ್ಲ. ಎರಡು: ಎಡಗಡೆ ಮೂರನೇ ಸೀಟಿನಲ್ಲಿ ಸ್ಪ್ರಿಂಗ್ ಹೊರಗೆ ಬಂದಿದೆ. ಮೂರು: ನಿರ್ವಾಹಕರು ಎರಡು ಕಡೆ ಇದೇ ಕೊನೆಯ ನಿಲ್ದಾಣ ಎಂದರು, ಎರಡೂ ನಿಜವಾಗಿರುವುದು ಸಾಧ್ಯವಿಲ್ಲ.' ಹನ್ನೊಂದನೆಯದಕ್ಕೆ ಬಂದಾಗ ಎಚ್ಚರವಾಯಿತು. ಅಳಿಸಲು ಹೊರಟರು. ಅಷ್ಟರಲ್ಲಿ ಹಿಂದೆ ಸಾಲಿನಲ್ಲಿದ್ದ ದಪ್ಪ ಕನ್ನಡಕದವರು, "ಆಯ್ತಾ ಸ್ವಾಮಿ, ಹೊಟ್ಟೆ ಹಸೀತಿದೆ," ಎಂದು ತಾವೇ ಕೈಚಾಚಿ ಗುಂಡಿ ಒತ್ತಿಬಿಟ್ಟರು. ಬರಹ ಹೋಯಿತು, ಊಟದ ಚೀಟಿ ಬಂತು.

ಊಟಕ್ಕೆ ಹೌದಪ್ಪನವರು ಪಕ್ಕದಲ್ಲೇ ಕೂತರು. "ತಗೋ, ನನಗೆ ಇಷ್ಟು ಬೇಡ," ಎಂದು ತಮ್ಮ ತಟ್ಟೆಯ ಸಿಹಿಯನ್ನು ಮೇಷ್ಟ್ರ ತಟ್ಟೆಗೆ ಹಾಕಿದರು. "ಆ ಮೇಡಂ ಪ್ರಯೋಗಾಲಯದಲ್ಲಿ ಉತ್ತರಪತ್ರಿಕೆ ತಿದ್ದೋ ಕೆಲಸವೇ ಇರಲ್ಲವಂತೆ ಕಣಯ್ಯ. ನನಗಂತೂ ತಿದ್ದಿ ತಿದ್ದಿ ಕಣ್ಣು ಹೋಯ್ತು. ನಿನಗೆ ಸಿಗಲಿ ಬಿಡು, ಒಳ್ಳೇದಾಗಲಿ."

ಮೇಷ್ಟ್ರು ಸಿಹಿಯನ್ನು ತಟ್ಟೆಯ ಅಂಚಿಗೆ ಸರಿಸಿದರು. ನಿಜ ಹೇಳಿಬಿಡಲೇ ಎಂದುಕೊಂಡರು. ಮಾವನವರ ಮುಖ ಕಣ್ಣ ಮುಂದೆ ಬಂತು. ಸುಮ್ಮನೆ ನೀರು ಕುಡಿದರು.

ಎರಡು ಗಂಟೆಗೆ ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ಚಹಾ ಕೊಡುವವರೂ ಬಾಗಿಲಲ್ಲಿ ನಿಂತಿದ್ದರು. ಮೇಡಂ ಗುಂಡಿ ಒತ್ತಿದರು. ಪರದೆಯ ಮೇಲೆ ಮೊದಲನೆಯ ವಿಮರ್ಶಕನ ಹೆಸರು ಮೂಡಿತು. ಅದು ಮೇಷ್ಟ್ರ ಹೆಸರು.

ಮೇಷ್ಟ್ರು ಕಣ್ಣುಜ್ಜಿಕೊಂಡರು. ಕೆಳಗೆ ಅವರ ಹೆಸರಿನಲ್ಲಿ ಬರೆದ ಹತ್ತು ಸಾಲೂ ಇತ್ತು: 'ಪ್ರಯಾಣ ಚೆನ್ನಾಗಿತ್ತು. ರಸ್ತೆಯೂ ಉದ್ದಗಿತ್ತು. ಎಲ್ಲರಿಗೂ ಶುಭವಾಗಲಿ.' ಮುಂದಿನ ಸಾಲುಗಳಲ್ಲೂ ಅದೇ ಮತ್ತೆ ಮತ್ತೆ. ಪಕ್ಕಕ್ಕೆ ತಿರುಗಿ ನೋಡಿದರು. ಹೌದಪ್ಪನವರು ಮೇಲಿನ ಫ್ಯಾನ್ ನೋಡುತ್ತಿದ್ದರು.

"ಇವರು ನನ್ನ ಪ್ರಬಂಧವನ್ನ ತೆರೆದೂ ನೋಡಿಲ್ಲ," ಎಂದರು ಮೇಡಂ. "ಇರಲಿ. ಈಗ ಎರಡನೆಯವರು." ಮತ್ತೆ ಗುಂಡಿ ಒತ್ತಿದರು. ಹೌದಪ್ಪನವರ ಹೆಸರು, ಅದರ ಕೆಳಗೆ ಬಸ್ಸಿನ ಹನ್ನೊಂದು ದೋಷಗಳು.

ಮೇಷ್ಟ್ರು ತಲೆ ತಗ್ಗಿಸಿದರು.

"ಇದನ್ನ ಓದಿ ಮೂರು ದಿನ ನನಗೆ ಊಟ ಸೇರಲಿಲ್ಲ," ಎಂದರು ಮೇಡಂ. "ನಾಲ್ಕನೇ ದಿನ ಆ ಹದಿನಾಲ್ಕನೇ ತಪ್ಪು ತೆಗೆದು ನೋಡಿದೆ. ನಿಜವಾಗಿತ್ತು. ಹಾಗೇ ಬಿಟ್ಟಿದ್ರೆ ಇವತ್ತು ನಿಮ್ಮೆಲ್ಲರ ಮುಂದೆ ನನ್ನ ಮಾನ ಹೋಗ್ತಿತ್ತು. ಎಲ್ಲಾ ಹೊಸದಾಗಿ ಮಾಡಿದೆ. ನೂರಿದ್ದದ್ದು ತೊಂಬತ್ತಾರಕ್ಕೆ ಇಳೀತು, ಆದರೆ ಈ ತೊಂಬತ್ತಾರು ಸುಳ್ಳಲ್ಲ. ನಮ್ಮಲ್ಲಿ ಒಂದು ಖಾಯಂ ಹುದ್ದೆ ಇದೆ. ನಾಲ್ಕು ಗಂಟೆಗೆ ಒಂದಿಬ್ಬರನ್ನ ಬರಹೇಳಿದ್ದೆ. ಇನ್ನು ಅದು ಬೇಡ. ಇಷ್ಟು ಚೆನ್ನಾಗಿ ಓದೋರು ಸಿಕ್ಕಮೇಲೆ ಬೇರೆಯವರನ್ನ ಯಾಕೆ ಹುಡುಕಲಿ? ಸಾರ್, ಇದು ನಿಮ್ಮದೇ ಅಲ್ವಾ?"

ಹೌದಪ್ಪನವರು ಎದ್ದು ನಿಂತರು. ಮೇಷ್ಟ್ರ ಕಡೆ ಒಮ್ಮೆ ನೋಡಿದರು, ಪರದೆಯ ಕಡೆ ಒಮ್ಮೆ ನೋಡಿದರು.

"ಹೌದು, ಹೌದು," ಎಂದರು.

ಚಪ್ಪಾಳೆ ಬಿತ್ತು. ಮೇಷ್ಟ್ರು ನಾಚಿಕೆ ಬಿಟ್ಟು ಎದ್ದರು.

"ಮೇಡಂ, ಅದು ನಾನು ಬರೆದದ್ದು."

"ಯಾವುದು?"

"ಒಂಬತ್ತು ಪುಟದ್ದು. ಹಲ್ಲುನೋವಿತ್ತು. ಆಮೇಲೆ ಬಸ್ಸಿನದೂ ನಂದೇ. ನಾವಿಬ್ಬರೂ ಬೆಳಿಗ್ಗೆ ಹೆಸರು ಅದಲುಬದಲು ಮಾಡ್ಕೊಂಡ್ವಿ."

"ಯಾಕೆ?"

ಇದಕ್ಕೆ ಮೇಷ್ಟ್ರ ಹತ್ತಿರ ಉತ್ತರವಿತ್ತು, ಆದರೆ ಐನೂರು ಜನರ ಮುಂದೆ ಹೇಳುವಂಥದ್ದಾಗಿರಲಿಲ್ಲ. ಹಿಂದಿನಿಂದ ದಪ್ಪ ಕನ್ನಡಕದವರು, "ಬೆಳಿಗ್ಗೆ ಆಯಮ್ಮ ಬಿಡೋರಲ್ಲ ಅಂತಿದ್ದೋರು ಇವರೇ. ಹುದ್ದೆ ಅಂದ ತಕ್ಷಣ ಎದ್ದು ನಿಂತ್ರು ನೋಡಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಮೇಡಂ ಹೌದಪ್ಪನವರ ಕಡೆ ತಿರುಗಿದರು. "ಏನ್ಸಾರ್, ಹೆಸರು ಅದಲುಬದಲು ಮಾಡ್ಕೊಂಡ್ರಾ?"

ಮೇಷ್ಟ್ರ ಜೀವ ಮತ್ತೆ ಬಂತು. ಈ ಪುಣ್ಯಾತ್ಮರಿಗೆ ಬರುವ ಉತ್ತರ ಲೋಕದಲ್ಲಿ ಒಂದೇ. ಇಪ್ಪತ್ತೆಂಟು ವರ್ಷ ಅದೊಂದನ್ನೇ ಹೇಳಿಕೊಂಡು ಬಂದವರು. ಆ ಎರಡಕ್ಷರ ಬಿದ್ದರೆ ಸಾಕು.

ಹೌದಪ್ಪನವರು ಸ್ವೆಟರಿನ ಗುಂಡಿ ಹಾಕಿಕೊಂಡರು. ಗಂಟಲು ಸರಿಮಾಡಿಕೊಂಡರು.

"ಇಲ್ಲ," ಎಂದರು.

ಸಾಯಂಕಾಲ ಮೇಷ್ಟ್ರು ಬಸ್ ನಿಲ್ದಾಣದಲ್ಲಿ ಒಬ್ಬರೇ ಕೂತಿದ್ದರು. ಹೌದಪ್ಪನವರು ಕೊರಳಿಗೆ ಬಿದ್ದ ಹೂಮಾಲೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು.

"ಬೇಜಾರು ಮಾಡ್ಕೋಬೇಡ ಕಣಯ್ಯ," ಎಂದರು. "ಏಳ್ನೂರು ಉತ್ತರಪತ್ರಿಕೆ ಮನೇಲಿ ಕಾದು ಕೂತಿವೆ. ನೆನೆಸ್ಕೊಂಡೆ, ಬಾಯಿಗೆ ಬಂದುಬಿಡ್ತು. ನಿನ್ನನ್ನೇನೂ ಕೈಬಿಟ್ಟಿಲ್ಲ. ಪ್ರಿನ್ಸಿಪಾಲರಿಗೆ ಫೋನ್ ಮಾಡಿದ್ದೆ. ನಾನು ಬಿಟ್ಟ ಜಾಗಕ್ಕೆ ನೀನೇ ಇರಬೇಕಂತೆ. ಆ ಪತ್ರಿಕೆಗಳನ್ನೂ ನೀನೇ ತಿದ್ದಬೇಕಂತೆ."

ಮೇಷ್ಟ್ರು ತಲೆಯೆತ್ತಿದರು. "ಖಾಯಮ್ಮಾ ಸಾರ್?"

"ಇಲ್ಲ, ಇಲ್ಲ," ಎಂದರು ಹೌದಪ್ಪನವರು. ಒಮ್ಮೆ ರೂಢಿಯಾದ ಮೇಲೆ ಆ ಮಾತು ಸಲೀಸಾಗಿ ಬರುತ್ತಿತ್ತು.

ಅಷ್ಟರಲ್ಲಿ ಮೇಷ್ಟ್ರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿ.

"ರೀ, ಅಪ್ಪ ಆಗಲೇ ಬಂದು ಕೂತಿದ್ದಾರೆ. ಕೇಳ್ತಿದ್ದಾರೆ, ಇನ್ನೂ ತಾತ್ಕಾಲಿಕಾನಾ ಅಂತ."

ಮೇಷ್ಟ್ರು ದೂರದಲ್ಲಿ ಇಪ್ಪತ್ತು ನಿಮಿಷ ತಡವಾಗಿ ಬರುತ್ತಿದ್ದ ಬಸ್ಸನ್ನು ನೋಡಿದರು.

"ಹೌದು, ಹೌದು," ಎಂದರು.